ಹಿಂಚಕ್ರದ ಬ್ರೇಕಿಗೆ ಏಕೆ ಈ ಅನಾದರ?

ಮೋಟಾರು ಸೈಕಲ್ಲನ್ನು ನಿಲ್ಲಿಸುವ ಕಾರ್ಯದಲ್ಲಿ ಮುಂದಿನ ಬ್ರೇಕೇ ಪ್ರಧಾನ, ಹಿಂದಿನದು ಕೇವಲ ಸಹಾಯಕ ಎಂಬ ಮಾತನ್ನು ಸವಾರಿ ಕಲಿಯುವವರೆಲ್ಲ ಕೇಳಿಯೇ ಇರುತ್ತಾರೆ. ಡಾಂಬರು ರಸ್ತೆಯ ಮಟ್ಟಿಗೆ ಇದು ದಿಟ. ಬ್ರೇಕು ಹಾಕಿದೊಡನೆ ಭಾರವು ಮುಂದಿನ ಚಕ್ರದ ಮೇಲೆ ಒರಗುತ್ತದೆ. ಹಿಂದಿನ ಚಕ್ರ ಹಗುರವಾಗಿ ನೆಲದ ಮೇಲಿನ ಹಿಡಿತವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಆದರೆ ಈ ದಿಟವನ್ನೇ ನೆಚ್ಚಿಕೊಂಡು, ಮಣ್ಣುಹಾದಿಯಲ್ಲಿ ಓಡುವ ಡರ್ಟ್ ಬೈಕಿನ ಹಿಂದಿನ ಬ್ರೇಕ್ ಪ್ಯಾಡುಗಳನ್ನು ತಿರುಗಿಯೂ ನೋಡದಿರುವುದು ದೊಡ್ಡ ತಪ್ಪೆಂಬುದು ನನ್ನ ಅಭಿಪ್ರಾಯ. ಅಂಥ ವಾಹನದಲ್ಲಿ ಅನೇಕ ವೇಳೆ ಮೊದಲು ಸವೆಯುವುವು ಅವೇ.

ಸಡಿಲವಾದ ಮಣ್ಣಿನ ಮೇಲೆ ಮುಂದಿನ ಚಕ್ರ ಬಿಗಿದು ಜಾರಿತೆಂದರೆ ಸವಾರ ನೆಲಕ್ಕುರುಳುವುದು ಬಹುಮಟ್ಟಿಗೆ ಖಂಡಿತ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಅವಕಾಶವುಂಟು. ಆದಕಾರಣ ಇಳಿಜಾರಿನಲ್ಲಿಯೂ ತಿರುವಿನಲ್ಲಿಯೂ ಅವನ ಬಲಗಾಲು ಪದೇ ಪದೇ ಹಿಂದಿನ ಬ್ರೇಕನ್ನೇ ಆಶ್ರಯಿಸುತ್ತದೆ. ಇದರ ಮೇಲೆ ಕೆಸರು ಬೇರೆ. ಚಕ್ರದೊಡನೆ ತಿರುಗುವ ಉಕ್ಕಿನ ಡಿಸ್ಕಿಗೂ ಅದನ್ನು ಎರಡು ಪಕ್ಕದಿಂದ ಅಮುಕಿ ಹಿಡಿಯುವ ಪ್ಯಾಡುಗಳಿಗೂ ನಡುವೆ ಮರಳು ಸೇರಿ ಉಪ್ಪುಕಾಗದದಂತೆ ಉಜ್ಜುತ್ತದೆ. ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಪ್ಯಾಡು, ನಾರು-ರಾಳಗಳಿಂದ ಮಾಡಿದುದಕ್ಕಿಂತ ಕೆಸರಿನಲ್ಲಿ ಹೆಚ್ಚು ಬಾಳುತ್ತದೆ, ನಿಜ. ಆದರೆ ಅದೂ ಚಿರಂಜೀವಿಯಲ್ಲ.

ಭೌತಶಾಸ್ತ್ರದ ವಿದ್ಯಾರ್ಥಿ ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ಸವಾರನೂ ಸೇರಿ 180 ಕಿಲೋಗ್ರಾಂ ತೂಗುವ ಬೈಕು ಗಂಟೆಗೆ 54 ಕಿಲೋಮೀಟರು, ಎಂದರೆ ಸೆಕೆಂಡಿಗೆ 15 ಮೀಟರು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 20,000 ಜೂಲ್. ಬ್ರೇಕು ಹಿಡಿದು ನಿಲ್ಲಿಸಿದಾಗ ಇದರ ಬಹುಭಾಗ ಉಷ್ಣವಾಗಬೇಕು. 60 ಮಿಲಿಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಕ್ತಿ ಸಾಕು. ಇದನ್ನು ಮತ್ತೆ ಮತ್ತೆ ಸಹಿಸುವ ಪ್ಯಾಡಿನ ಘರ್ಷಣಪದಾರ್ಥದ ದಪ್ಪವಾದರೋ ಕೆಲವೇ ಮಿಲಿಮೀಟರು. ಅದು 1 ಮಿಲಿಮೀಟರಿಗೆ ಇಳಿಯುವುದರೊಳಗೆ ಬದಲಿಸಬೇಕೆಂದು ಅನೇಕ ಕೈಪಿಡಿಗಳು ವಿಧಿಸುತ್ತವೆ. ಅದನ್ನೂ ಮೀರಿದರೆ ಬೆನ್ನಿನ ಉಕ್ಕಿನ ಫಲಕವೇ ಡಿಸ್ಕನ್ನು ಕೆರೆಯತೊಡಗುತ್ತದೆ.

ಪ್ರಾಣದ ಪ್ರಶ್ನೆಯಾದ ಬ್ರೇಕನ್ನು ಹುಡುಗರು ಮುಟ್ಟಬಾರದು, ಮೆಕ್ಯಾನಿಕ್ಕಿಗೇ ಬಿಡಬೇಕು ಎಂಬ ಹಿರಿಯರ ಆಕ್ಷೇಪವನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಬ್ರೇಕ್ ದ್ರವದ ಕೊಳವೆಯನ್ನು ಬಿಚ್ಚುವ ಕೆಲಸಕ್ಕೆ ಆ ಮಾತು ಸಲ್ಲುತ್ತದೆ. ಆದರೆ ಪ್ಯಾಡು ಬದಲಿಸಲು ಕೊಳವೆಯನ್ನು ಬಿಚ್ಚಬೇಕಾಗಿಯೇ ಇಲ್ಲ. ಮೊದಲ ಸಲ ಅನುಭವಸ್ಥರೊಬ್ಬರನ್ನು ಪಕ್ಕದಲ್ಲಿರಿಸಿಕೊಂಡು, ಆಯಾ ವಾಹನದ ಕೈಪಿಡಿಯನ್ನು ತೆರೆದಿಟ್ಟುಕೊಂಡು ಮಾಡಿದರೆ ಕಾಲೇಜಿನ ವಿದ್ಯಾರ್ಥಿಗೆ ಇದು ಅಸಾಧ್ಯವಲ್ಲ. ಬೈಕಿನ ಬಣ್ಣಕ್ಕೂ ಸದ್ದಿಗೂ ಸಾವಿರಗಟ್ಟಲೆ ಸುರಿಯುವ ತರುಣರು ಇದೊಂದನ್ನು ಕಲಿಯದಿರುವುದೇ ಸೋಜಿಗ.

ಅನೇಕ ಡರ್ಟ್ ಬೈಕುಗಳಲ್ಲಿ ಹಿಂದಿನ ಪ್ಯಾಡುಗಳನ್ನು ಹಿಡಿದಿರುವುದು ಒಂದೇ ಪಿನ್ನು. ಅದನ್ನು ತೆಗೆದರೆ ಎರಡೂ ಈಚೆಗೆ ಬರುತ್ತವೆ. ಹೊಸವು ದಪ್ಪವಾಗಿರುವುದರಿಂದ, ಅವನ್ನು ಒತ್ತುವ ಪಿಸ್ಟನ್ನನ್ನು ಕ್ಯಾಲಿಪರಿನ ಒಳಕ್ಕೆ ತಳ್ಳಬೇಕು. ತಳ್ಳುವ ಮೊದಲು ಅದಕ್ಕಂಟಿದ ಕೆಸರನ್ನು ತೆಗೆಯದಿದ್ದರೆ ಮರಳು ರಬ್ಬರಿನ ಸೀಲನ್ನು ಗೀರುತ್ತದೆ. ಪಿಸ್ಟನ್ನು ಒಳಸರಿದಂತೆ ಪಾತ್ರೆಯಲ್ಲಿ ದ್ರವ ಏರುವುದು. ಉಕ್ಕಿ ಚೆಲ್ಲಿದರೆ ಬಣ್ಣವನ್ನು ತಿಂದುಬಿಡುತ್ತದೆ. ಹಳೆಯ ಪ್ಯಾಡುಗಳಲ್ಲಿ ಒಂದು ಮಾತ್ರ ಬಹಳ ಸವೆದಿದ್ದರೆ ಕ್ಯಾಲಿಪರು ಜಾರಾಡುವ ಕಂಬಿಗಳು ಬಿಗಿದಿರುವ ಸಂಭವವುಂಟು. ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರಸತಕ್ಕದ್ದು. ಕಿರುಗುಟ್ಟುತ್ತದೆಂದು ಪ್ಯಾಡಿಗೆ ಎಣ್ಣೆ ಬಿಡುವ ಮಹಾನುಭಾವರೂ ಉಂಟು! ಎಣ್ಣೆ ಹೀರಿದ ಪ್ಯಾಡು ಎಸೆಯಲಷ್ಟೇ ಯೋಗ್ಯ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಾದಿರುವುದು ಕೆಲಸ ಮುಗಿಯಿತೆಂದು ಕೈ ತೊಳೆದ ಮೇಲೆ. ಒಳಕ್ಕೆ ತಳ್ಳಿದ ಪಿಸ್ಟನ್ನು ಪ್ಯಾಡಿನಿಂದ ದೂರವಿರುವುದರಿಂದ ಮೊದಲ ತುಳಿತಕ್ಕೆ ಪೆಡಲು ಸುಮ್ಮನೆ ಕುಸಿಯುತ್ತದೆ, ಬ್ರೇಕೇ ಹಿಡಿಯುವುದಿಲ್ಲ. ಆದ್ದರಿಂದ ಬೈಕು ಸ್ಟ್ಯಾಂಡಿನ ಮೇಲಿರುವಾಗಲೇ ಪೆಡಲು ಗಟ್ಟಿಯಾಗುವವರೆಗೆ ಹಲವು ಬಾರಿ ಅದುಮಬೇಕು. ಪೆಡಲಿನ ತುದಿಯಲ್ಲಿ ಕೈಪಿಡಿ ಹೇಳಿದಷ್ಟು ಸಡಿಲವಿದೆಯೇ ಎಂಬುದನ್ನೂ ನೋಡಬೇಕು. ಸಡಿಲವಿಲ್ಲದಿದ್ದರೆ ದ್ರವಕ್ಕೆ ಪಾತ್ರೆಗೆ ಮರಳುವ ದಾರಿ ಮುಚ್ಚಿ, ಅದು ಕಾದು ಹಿಗ್ಗಿ, ಸವಾರ ತುಳಿಯದೆಯೇ ಚಕ್ರ ಬಿಗಿದುಕೊಳ್ಳಬಹುದು. ಆ ಬಳಿಕವೂ ಹೊಸ ಪ್ಯಾಡು ಒಡನೆ ಪೂರ್ಣ ಹಿಡಿತ ಕೊಡದು. ಜನಸಂಚಾರವಿಲ್ಲದ ಬಯಲಿನಲ್ಲಿ ಮಿತವಾದ ವೇಗದಿಂದ ಹಲವು ಸಲ ಮೆಲ್ಲಗೆ ಬ್ರೇಕು ಹಿಡಿದು, ನಡುನಡುವೆ ಆರಲು ಬಿಟ್ಟರೆ ಅದು ಡಿಸ್ಕಿಗೆ ಹೊಂದಿಕೊಳ್ಳುತ್ತದೆ.