ಅರ್ಜಿಯ ಅಂಕಣ ಮತ್ತು ವರ್ತಕನ ಹೆಸರು

ವ್ಯಾಪಾರ ವಹಿವಾಟಿನ ನೋಂದಣಿಗಳೆಲ್ಲ ಜಾಲತಾಣಗಳಿಗೆ ಸ್ಥಳಾಂತರಗೊಂಡ ಮೇಲೆ, ವರ್ತಕನು ಯಾರು, ಅವನ ಉದ್ಯೋಗವೇನು ಎಂಬುದನ್ನು ನಿರ್ಧರಿಸುವ ಅಧಿಕಾರವು ಬಹುಮಟ್ಟಿಗೆ ಅರ್ಜಿ ನಮೂನೆಯ ಅಂಕಣಗಳ ಕೈಸೇರಿದೆ. ಕಾಗದದ ಅರ್ಜಿಯ ಅಂಚಿನಲ್ಲಿ ಒಂದು ಸಾಲು ವಿವರಣೆ ಬರೆಯಬಹುದಿತ್ತು. ಗುಮಾಸ್ತರು ಅದನ್ನು ಓದಿ ಅರ್ಥಮಾಡಿಕೊಳ್ಳುತ್ತಿದ್ದರು. ಜಾಲತಾಣದ ನಮೂನೆಗೆ ಅಂಚೆಂಬುದೇ ಇಲ್ಲ. ಕಡ್ಡಾಯದ ಅಂಕಣವನ್ನು ತುಂಬದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ.

ಮೊದಲ ತೊಡಕು ಹೆಸರಿನದು. ಮೊದಲ ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಎಂಬ ವಿಂಗಡಣೆ ಪಾಶ್ಚಾತ್ಯ ಪದ್ಧತಿಗೆ ಅನುಗುಣವಾದದ್ದು. ಉತ್ತರ ಕರ್ನಾಟಕದವರಿಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಬಸಪ್ಪ ದಾನಪ್ಪ ಜತ್ತಿ ಎಂಬಲ್ಲಿ ಸ್ವಂತ ಹೆಸರು, ತಂದೆಯ ಹೆಸರು ಹಾಗೂ ಅಡ್ಡಹೆಸರು ಮೂರು ಅಂಕಣಗಳಲ್ಲಿ ಕ್ರಮವಾಗಿ ಕೂರುತ್ತವೆ. ಹಳೆಯ ಮೈಸೂರು ಪ್ರಾಂತದ ಬಹುಮಂದಿಗಾದರೋ ಅಡ್ಡಹೆಸರೇ ಇಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಅವರಿಗೆ ಗುರುತು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಂದು ಅರ್ಜಿ ತುಂಬಿದ್ದರೆ, 'ಮೊದಲ ಹೆಸರು' ಎಂಬಲ್ಲಿ ಒಂದು ಊರು ದಾಖಲಾಗುತ್ತಿತ್ತು!

ಪ್ಯಾನ್‌ಗಾಗಿ ದೀರ್ಘಕಾಲ ಬಳಕೆಯಲ್ಲಿದ್ದ ನಮೂನೆ 49ಎ ಕೊನೆಯ ಹೆಸರನ್ನು ಕಡ್ಡಾಯಗೊಳಿಸಿತ್ತು. ಅದರಲ್ಲಿ ಇನಿಷಿಯಲ್‌ಗಳಿಗೆ ಅವಕಾಶವಿರಲಿಲ್ಲ. ಕೃಷ್ಣಪ್ಪನವರ ಮಗ ಕೆ. ನಾಗರಾಜ ಎಂಬ ಒಬ್ಬ ವರ್ತಕನನ್ನು ಕಲ್ಪಿಸಿಕೊಂಡರೆ, ಆತ ಅಂಕಣ ತುಂಬುವ ಸಲುವಾಗಿ 'ನಾಗರಾಜ ಕೃಷ್ಣಪ್ಪ' ಆಗುತ್ತಾನೆ. ವ್ಯಕ್ತಿಗಳ ಪ್ಯಾನ್‌ನ ಐದನೆಯ ಅಕ್ಷರವು ಕೊನೆಯ ಹೆಸರಿನ ಮೊದಲಕ್ಷರ. ಅದೇ ಪ್ಯಾನ್ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆಯಲ್ಲಿ, ಕರ್ನಾಟಕದ 29ರ ನಂತರ, ಹಾಗೆಯೇ ಸೇರುತ್ತದೆ. ಹೀಗೆ ತಂದೆಯ ಹೆಸರಿನ ಒಂದಕ್ಷರ ಮಗನ ಪ್ರತಿಯೊಂದು ಬಿಲ್ಲಿನ ಮೇಲೂ ಅಚ್ಚಾಗುತ್ತದೆ. ಇದರಲ್ಲಿ ಪಿತೃಭಕ್ತಿಗಿಂತ ನಮೂನೆಯ ಪಾತ್ರವೇ ದೊಡ್ಡದು.

ಆಧಾರ್‌ನಲ್ಲಿ ಹೆಸರಿಗೆ ಒಂದೇ ಅಂಕಣ. ಆದುದರಿಂದ ಅದೇ ವ್ಯಕ್ತಿ ಅಲ್ಲಿ ಕೆ. ನಾಗರಾಜನಾಗಿಯೇ ಉಳಿದಿರುತ್ತಾನೆ. ಇವೆರಡನ್ನೂ ಜೋಡಿಸಬೇಕೆಂದು ಸರ್ಕಾರ ಆದೇಶಿಸಿದಾಗ, ಒಬ್ಬನೇ ಮನುಷ್ಯ ಗಣಕಯಂತ್ರದ ಕಣ್ಣಿಗೆ ಇಬ್ಬರಾಗಿ ಕಂಡ. ಜೋಡಣೆಯಾಗದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯಗೊಂಡವು. ಅಂಥವರಿಗೆ ಹೆಚ್ಚಿನ ದರದಲ್ಲಿ ಮೂಲದಲ್ಲೇ ತೆರಿಗೆ ಕಡಿತ, ತಡವಾಗಿ ಜೋಡಿಸಲು 1,000 ರೂಪಾಯಿ ಶುಲ್ಕ. ಕನ್ನಡದಲ್ಲಿ ಒಂದೇ ಬಗೆಯಲ್ಲಿ ಬರೆಯುವ 'ನಾಗರಾಜ'ನನ್ನು ಇಂಗ್ಲಿಷಿನಲ್ಲಿ ಕೊನೆಗೆ ಒಂದು 'ಎ' ಸೇರಿಸಿಯೂ, ಬಿಟ್ಟೂ ಬರೆಯುವ ರೂಢಿ ಈ ಗೊಂದಲಕ್ಕೆ ಇನ್ನಷ್ಟು ಇಂಬು ಕೊಟ್ಟಿತು.

ಹೆಸರಿನದಕ್ಕಿಂತ ದುಬಾರಿಯಾದದ್ದು ಉದ್ಯೋಗದ ಅಂಕಣ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯಲ್ಲಿ ಉದ್ದಿಮೆದಾರನು ತನ್ನ ಮುಖ್ಯ ಚಟುವಟಿಕೆ ಯಾವುದೆಂದು ಆರಿಸಿಕೊಳ್ಳಬೇಕು. ಸಗಟು ಮತ್ತು ಚಿಲ್ಲರೆ ವರ್ತಕರಿಗೆ ಆರಂಭದಲ್ಲಿ ಇಲ್ಲಿ ಸ್ಥಾನವೇ ಇರಲಿಲ್ಲ. 2021ರ ಜುಲೈ 2ರ ಆದೇಶದಿಂದ ಪ್ರವೇಶ ದೊರೆಯಿತಾದರೂ, ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. ಚಳ್ಳಕೆರೆಯಂಥ ಊರಿನಲ್ಲಿ ಗಿರಣಿ ನಡೆಸಿ ಎಣ್ಣೆ ತೆಗೆಯುವವನು, ಹಂಗಾಮು ಮುಗಿದ ಮೇಲೆ ಹೊರಗಿನಿಂದ ಎಣ್ಣೆ ತರಿಸಿ ಮಾರುವುದೂ ಉಂಟು. ಅವನು ತಯಾರಕನೋ ವರ್ತಕನೋ? ಬದುಕಿನಲ್ಲಿ ಎರಡೂ ಹೌದು. ಆದರೆ ಅರ್ಜಿಯಲ್ಲಿ 'ವ್ಯಾಪಾರ' ಎಂದು ಗುರುತು ಹಾಕಿದರೆ, 2006ರ ಕಾಯಿದೆಯು ಸಣ್ಣ ಉದ್ದಿಮೆಗಳಿಗೆ ನೀಡಿರುವ 45 ದಿನಗಳೊಳಗಿನ ಪಾವತಿಯ ರಕ್ಷಣೆಯನ್ನು ಕೇಳುವುದು ಕಷ್ಟವಾಗುತ್ತದೆ. ಸಕಾಲದಲ್ಲಿ ಪಾವತಿಸದ ಮೊತ್ತವನ್ನು ಆ ವರ್ಷದ ವೆಚ್ಚವಾಗಿ ಪರಿಗಣಿಸದ 43ಬಿ(ಎಚ್) ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಳಿಕ, ಖರೀದಿದಾರರು ಮೊದಲು ನೋಡುವುದು ಉದ್ಯಮ್ ಪ್ರಮಾಣಪತ್ರದ ಆ ಒಂದು ಸಾಲನ್ನೇ. ಸೈಬರ್ ಕೇಂದ್ರದ ಹುಡುಗ ಅವಸರದಲ್ಲಿ ಒತ್ತಿದ ಗುರುತಿಗೆ ಇಷ್ಟೊಂದು ಬೆಲೆಯಿದೆಯೆಂದು ಅನೇಕರಿಗೆ ತಿಳಿಯುವುದು ಹಣ ಸಿಕ್ಕಿಕೊಂಡ ಮೇಲೆ.

ಕೋಟ್ಯಂತರ ಅರ್ಜಿಗಳನ್ನು ಪರಿಶೀಲಿಸಲು ನಿಶ್ಚಿತ ಅಂಕಣಗಳು ಬೇಕೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ನೂರು ಕೋಟಿಗೂ ಮಿಕ್ಕ ಜನರ ಆಧಾರ್ ದಾಖಲೆ ಹೆಸರಿನ ಒಂದೇ ಅಂಕಣದಲ್ಲಿ ನಡೆಯುತ್ತಿರುವಾಗ, ಉಳಿದ ಜಾಲತಾಣಗಳಿಗೆ ಅದು ಅಸಾಧ್ಯವೆನ್ನುವುದು ಸಮಂಜಸವಲ್ಲ. ಅಂಕಣಗಳನ್ನು ರೂಪಿಸಿದವರ ಸೌಕರ್ಯದ ವೆಚ್ಚವನ್ನು ವರ್ತಕನೇ ತಿದ್ದುಪಡಿ ಅರ್ಜಿ, ಅಫಿಡವಿಟ್ಟು ಮತ್ತು ಅಲೆದಾಟಗಳ ರೂಪದಲ್ಲಿ ಭರಿಸುತ್ತಿದ್ದಾನೆ. ವಾಣಿಜ್ಯ ಸಂಸ್ಥೆಗಳು ಪ್ರತಿವರ್ಷ ಆಯವ್ಯಯಕ್ಕೆ ಮುನ್ನ ಸರ್ಕಾರಕ್ಕೆ ಸಲ್ಲಿಸುವ ಮನವಿಯಲ್ಲಿ ತೆರಿಗೆ ದರಗಳ ಜೊತೆಗೆ ಎರಡು ಬೇಡಿಕೆಗಳು ಸೇರಬೇಕು: ಹೆಸರಿಗೆ ಒಂದೇ ಅಂಕಣ, ಮತ್ತು ಮಿಶ್ರ ಚಟುವಟಿಕೆಯ ಉದ್ದಿಮೆಗೆ ತಯಾರಿಕೆ ಹಾಗೂ ವ್ಯಾಪಾರದ ಪಾಲನ್ನು ಪ್ರತ್ಯೇಕವಾಗಿ ನಮೂದಿಸುವ ಅವಕಾಶ. ಅಲ್ಲಿಯವರೆಗೆ, ಹೊಸ ಅರ್ಜಿ ಸಲ್ಲಿಸುವ ಮುನ್ನ ಪ್ಯಾನ್, ಆಧಾರ್ ಹಾಗೂ ಬ್ಯಾಂಕ್ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು, ಹೆಸರಿನ ಅಕ್ಷರ ಅಕ್ಷರವನ್ನೂ ಇಂಗ್ಲಿಷಿನಲ್ಲಿ ತಾಳೆ ನೋಡುವುದು ಲೇಸು.