ನಾಯಿಯ ತಿನಿಸು ಬೆಕ್ಕಿಗೆ ಸಲ್ಲದು

ನಾಯಿ ಬೆಕ್ಕುಗಳೆರಡನ್ನೂ ಸಾಕಿರುವ ಮನೆಗಳಲ್ಲಿ ಈ ನೋಟ ಅಪೂರ್ವವೇನಲ್ಲ. ನಾಯಿಯು ಕಡಿದು ಬಿಟ್ಟ ತೊಗಲಿನ ತುಂಡನ್ನು ಬೆಕ್ಕು ಮೂಸುತ್ತದೆ, ನೆಕ್ಕುತ್ತದೆ, ಕಚ್ಚಿ ಎಳೆಯುತ್ತದೆ. ಮನೆಯವರು “ಪಾಪ, ಅದೂ ತಿನ್ನಲಿ” ಎಂದು ಸುಮ್ಮನಿರುತ್ತಾರೆ. ಈ ಔದಾರ್ಯವು ಬೆಕ್ಕಿಗೆ ಅಪಾಯಕರವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಬೆಕ್ಕೆಂದರೆ ಚಿಕ್ಕದೊಂದು ನಾಯಿಯೆಂದು ಭಾವಿಸುವುದೇ ಈ ತಪ್ಪಿನ ಮೂಲ.

ನಾಯಿಗಳಿಗೆ ಅಗಿಯಲು ಕೊಡುವ ತಿನಿಸುಗಳಲ್ಲಿ ದನದ ತೊಗಲಿನ ಒಳಪದರದಿಂದ ಮಾಡಿದವು ಪ್ರಸಿದ್ಧವಾದವು. ಈ ತೊಗಲು ನೆನೆದರೆ ಉಬ್ಬುತ್ತದೆ. ಜಠರದಲ್ಲಿ ಬೇಗನೆ ಕರಗುವುದಿಲ್ಲ. ದೊಡ್ಡ ತುಂಡನ್ನು ನುಂಗಿದ ನಾಯಿಗೂ ಇದರಿಂದ ಕೇಡು ತಪ್ಪಿದ್ದಲ್ಲ. ಬೆಕ್ಕಿನ ಪಾಡು ಇನ್ನೂ ಕಷ್ಟ. ನಾಯಿಗೆ ೪೨ ಹಲ್ಲುಗಳು. ಹಿಂದಿನ ದವಡೆಹಲ್ಲುಗಳಲ್ಲಿ ಅರೆಯುವುದಕ್ಕೆ ತಕ್ಕ ಮೇಲ್ಮೈಯುಂಟು. ಬೆಕ್ಕಿಗಿರುವುದು ೩೦ ಮಾತ್ರ. ಅವು ಕತ್ತರಿಯಂತೆ ಮಾಂಸವನ್ನು ತುಂಡರಿಸುವುವೇ ಹೊರತು ಅರೆಯಲಾರವು. ಆದುದರಿಂದ ಕಿತ್ತ ತುಂಡನ್ನು ಬೆಕ್ಕು ಹಾಗೆಯೇ ನುಂಗುವ ಸಂಭವವಿದೆ.

ಇಲ್ಲಿ ಒಂದು ಸರಳವಾದ ಲೆಕ್ಕವನ್ನು ಮಾಡಿ ನೋಡೋಣ. ೨೦ ಕಿಲೋಗ್ರಾಂ ತೂಕದ ನಾಯಿ, ೪ ಕಿಲೋಗ್ರಾಂ ತೂಕದ ಬೆಕ್ಕು. ಎರಡೂ ಒಂದೇ ಆಕಾರದವೆಂದು ಇಟ್ಟುಕೊಳ್ಳೋಣ. ತೂಕವು ಉದ್ದದ ಘನವನ್ನು ಅನುಸರಿಸುವುದರಿಂದ ನಾಯಿಯ ಕರುಳು ಬೆಕ್ಕಿನದಕ್ಕಿಂತ ಸುಮಾರು ೧.೭ ಪಟ್ಟು ಅಗಲವಾಗಿರಬೇಕು. ಇದು ಸ್ಥೂಲವಾದ ಅಂದಾಜು ನಿಜ; ಆದರೂ ನಾಯಿಯಲ್ಲಿ ಜಾರಿಹೋಗುವ ತುಂಡು ಬೆಕ್ಕಿನಲ್ಲಿ ಏಕೆ ಸಿಕ್ಕಿಕೊಳ್ಳಬಹುದೆಂಬುದನ್ನು ತಿಳಿಸಲು ಇಷ್ಟು ಸಾಕು. ಕರುಳು ಪೂರ್ತಿ ಮುಚ್ಚಿಕೊಂಡರೆ ಪ್ರಾಣಕ್ಕೇ ಸಂಚಕಾರ. ಇನ್ನು ತಿನಿಸಿನಲ್ಲಿ ಬೆರೆಸಿದ ಪದಾರ್ಥಗಳ ಮಾತು: ಒಂದೇ ತುಂಡನ್ನು ತಿಂದರೂ ಕಿಲೋಗ್ರಾಮಿಗೆ ಬೀಳುವ ಪಾಲು ಬೆಕ್ಕಿಗೆ ೫ ಪಟ್ಟು ಹೆಚ್ಚು.

ಹಾಗಾದರೆ ಚಿಕ್ಕ ಚೂರನ್ನು ಕೊಡಬಹುದಲ್ಲವೇ ಎಂದು ವಾಚಕರು ಕೇಳಬಹುದು. ಗಾತ್ರವೊಂದೇ ಭೇದವಾಗಿದ್ದರೆ ಕೊಡಬಹುದಾಗಿತ್ತು. ಮೆದು ತಿನಿಸುಗಳು ಒಣಗದಂತೆ ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್ ಬೆಕ್ಕಿನ ಕೆಂಪು ರಕ್ತಕಣಗಳಿಗೆ ಹಾನಿ ಮಾಡುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೧೯೯೬ರಲ್ಲಿ ಅದನ್ನು ಬೆಕ್ಕಿನ ಆಹಾರದಲ್ಲಿ ನಿಷೇಧಿಸಿತು; ನಾಯಿಯ ಆಹಾರದಲ್ಲಿ ನಿಷೇಧಿಸಲಿಲ್ಲ. ಟಾರಿನ್ ಎಂಬ ಪೋಷಕದ ಕಥೆಯೂ ಇಂತಹುದೇ. ನಾಯಿಯ ದೇಹವು ಸಾಮಾನ್ಯವಾಗಿ ಅದನ್ನು ತಾನೇ ಸಾಕಷ್ಟು ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಅದು ಆಹಾರದಿಂದಲೇ ಬರಬೇಕು. ಟಾರಿನ್ನಿನ ಕೊರತೆಯಿಂದ ಬೆಕ್ಕಿನ ಹೃದಯವು ಹಿಗ್ಗಿ ದುರ್ಬಲವಾಗುವುದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು ೧೯೮೭ರಲ್ಲಿ ತೋರಿಸಿಕೊಟ್ಟರು. ನಾಯಿಯ ತಿನಿಸೇ ಬೆಕ್ಕಿನ ನಿತ್ಯದ ಊಟವಾದರೆ ಈ ಕೊರತೆಗೆ ಎಡೆಯಾದೀತು.

ಒಮ್ಮೆ ನೆಕ್ಕಿದ ಮಾತ್ರಕ್ಕೆ ಗಾಬರಿ ಬೇಕಿಲ್ಲ. ಆದರೆ ತುಂಡನ್ನು ನುಂಗಿದ ಬೆಕ್ಕು ಮತ್ತೆ ಮತ್ತೆ ವಾಂತಿ ಮಾಡಿದರೆ, ಊಟ ಬಿಟ್ಟರೆ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಪೊಟ್ಟಣದ ಮೇಲೆ ಯಾವ ಪ್ರಾಣಿಯ ಹೆಸರಿದೆಯೋ ಆ ಪ್ರಾಣಿಗೆ ಮಾತ್ರ ಅದು ಸಲ್ಲುತ್ತದೆಂದು ತಿಳಿಯುವುದು ಕ್ಷೇಮ.

ಎರಡು ವಸ್ತುಗಳು ಕೆಲವು ಗುಣಗಳಲ್ಲಿ ಹೋಲುವುದರಿಂದ ಎಲ್ಲದರಲ್ಲಿಯೂ ಹೋಲಬೇಕೆಂದು ನಿರ್ಣಯಿಸುವುದು ವಿಜ್ಞಾನದ ಕ್ರಮವಲ್ಲ. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿಯುವ ಈ ಎಚ್ಚರವು ಮನೆಯ ಹಜಾರದಲ್ಲಿಯೂ ಇರಲಿ. ಬೆಕ್ಕಿನ ಚೆಲ್ಲಾಟ ಇಲಿಯ ಪ್ರಾಣಸಂಕಟವೆಂದು ನಮ್ಮ ಗಾದೆ ಹೇಳುತ್ತದೆ. ನಾಯಿಯ ಚೆಲ್ಲಾಟವು ಬೆಕ್ಕಿನ ಪ್ರಾಣಸಂಕಟವಾಗದಂತೆ ನೋಡಿಕೊಳ್ಳುವುದು ಸಾಕಿದವರ ಹೊಣೆ.