ನಿಲ್ಲಿಸಿದೆವು ಎಂದರೆ ನಿಂತಂತೆಯೇ?

ಮಧ್ಯಾಹ್ನದ ಹೊತ್ತು ಪಾವಗಡದ ಸೌರ ಪಾರ್ಕ್ ಪೂರ್ತಿ ಬಿಸಿಲಲ್ಲಿ ಕೆಲಸ ಮಾಡುವಾಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳಿಗೆ ಉತ್ಪಾದನೆ ತಗ್ಗಿಸಲು ಸೂಚನೆ ಹೋಗುತ್ತದೆ. ಹೊತ್ತು ಮುಳುಗಿ ಮನೆಮನೆಯಲ್ಲಿ ದೀಪ, ಫ್ಯಾನು, ಮಿಕ್ಸಿ ಶುರುವಾದಾಗ ಅದೇ ಸ್ಥಾವರಗಳಿಗೆ ‘ಏರಿಸಿ’ ಎಂಬ ಕರೆ. ಮಳೆಗಾಲದಲ್ಲಿ ಗಾಳಿ ಚೆನ್ನಾಗಿ ಬೀಸಿ ಜಲಾಶಯಗಳೂ ತುಂಬಿದರೆ ಕೆಲವು ಘಟಕಗಳು ಪೂರ್ತಿ ಬಂದ್. ಇದು ಕರ್ನಾಟಕವೊಂದರ ಕಥೆಯಲ್ಲ. ಕಲ್ಲಿದ್ದಲು ಘಟಕಗಳು ಹಂತಹಂತವಾಗಿ ಶೇ 40ರಷ್ಟು ಕಡಿಮೆ ಉತ್ಪಾದನೆಯಲ್ಲೂ ಓಡಲು ಸಿದ್ಧವಾಗಬೇಕು, ಶೇ 70ರಿಂದ 100ರ ನಡುವೆ ನಿಮಿಷಕ್ಕೆ ಶೇ 3ರ ವೇಗದಲ್ಲಿ ಏರಿಳಿಯಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮವನ್ನೇ ಮಾಡಿದೆ. ಸೌರ, ಪವನ ವಿದ್ಯುತ್ ಬೇಕೆಂದರೆ ಇದು ಅನಿವಾರ್ಯ. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಒಂದೇ ಗತಿಯಲ್ಲಿ ವರ್ಷಗಟ್ಟಲೆ ಓಡಲೆಂದು ಕಟ್ಟಿದ ಯಂತ್ರವನ್ನು ಈಗ ನಾವು ಸಿಟಿ ಬಸ್ಸಿನ ಹಾಗೆ ಓಡಿಸಹೊರಟಿದ್ದೇವೆ. ಇದರಿಂದ ಬಾಯ್ಲರ್ ಎಷ್ಟು ಸವೆಯುತ್ತದೆ, ಕಲ್ಲಿದ್ದಲು ಎಷ್ಟು ಹೆಚ್ಚು ಬೇಕು, ಯೂನಿಟ್ ದರ ಎಷ್ಟು ಏರುತ್ತದೆ ಎಂಬ ಲೆಕ್ಕಗಳು ಪತ್ರಿಕೆಗಳಲ್ಲಿ ಬರುತ್ತಿವೆ. ಟರ್ಬೈನಿನ ಓವರ್‌ಸ್ಪೀಡ್ ಟ್ರಿಪ್ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಅದು ಕೆಲಸ ಮಾಡಿದಾಗ ಸುದ್ದಿಯೇ ಇರುವುದಿಲ್ಲ, ಬಹುಶಃ ಅದಕ್ಕೇ.

ನಾನು ಮುಂಬೈಯಲ್ಲಿ ಹಣ ಪಾವತಿಗೆ ಸಂಬಂಧಿಸಿದ ಸಾಫ್ಟ್‌ವೇರ್ ಬರೆಯುವವನು. ಎಂ.ಟೆಕ್‌ನಲ್ಲಿ ಓದಿದ್ದು ಕಂಟ್ರೋಲ್ ಸಿಸ್ಟಮ್ಸ್. ಕಾಕಾ ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಪವರ್ ಹೌಸ್‌ನಲ್ಲಿ ಟರ್ಬೈನ್ ಆಪರೇಟರ್ ಆಗಿದ್ದರು. ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಅವರಿಂದ, ಪಠ್ಯಪುಸ್ತಕಗಳಿಂದ ಅಲ್ಲ.

ಗ್ರಿಡ್‌ಗೆ ಜೋಡಿಸಿದ ಟರ್ಬೈನು ನೊಗಕ್ಕೆ ಕಟ್ಟಿದ ಎತ್ತಿನಂತೆ. ದೇಶದ ಸಾವಿರಾರು ಜನರೇಟರುಗಳು ಒಂದೇ ಹೆಜ್ಜೆ ಹಾಕುತ್ತವೆ. ನಮ್ಮದು 50 ಹರ್ಟ್ಸ್‌ನ ಗ್ರಿಡ್ ಆದ್ದರಿಂದ ದೊಡ್ಡ ಉಷ್ಣ ಘಟಕದ ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಒಳಗೆ ಎಷ್ಟೇ ಹಬೆ ನುಗ್ಗಿದರೂ ನೊಗ ಅದನ್ನು ಹಿಡಿದಿರುತ್ತದೆ. ಈಗ ಲೈನ್ ಕಡಿದು ಬ್ರೇಕರ್ ಬಿಚ್ಚಿಕೊಂಡಿತು ಎನ್ನಿ. ನೊಗ ಕಳಚಿತು, ಹಬೆ ಮಾತ್ರ ನುಗ್ಗುತ್ತಲೇ ಇದೆ. ಪೂರ್ಣ ಲೋಡಿನಲ್ಲಿದ್ದ ಟರ್ಬೈನು ಒಂದು ಸೆಕೆಂಡಿನ ಆಸುಪಾಸಿನಲ್ಲೇ 3,300 ಸುತ್ತು ಮುಟ್ಟಬಲ್ಲದು. ಸಕ್ಕರೆ ಕಾರ್ಖಾನೆ, ಕಾಗದದ ಗಿರಣಿಗಳ ಚಿಕ್ಕ ಟರ್ಬೈನುಗಳು ಗೇರ್‌ಬಾಕ್ಸ್ ಇಟ್ಟುಕೊಂಡು ಇನ್ನೂ ಜೋರಾಗಿ, ನಿಮಿಷಕ್ಕೆ ಎಂಟು, ಹತ್ತು ಸಾವಿರ ಸುತ್ತು ತಿರುಗುವಂಥವು.

ಶೇ 10 ಹೆಚ್ಚಾದರೆ ಏನು ಮಹಾ ಎನ್ನಿಸಬಹುದು. ತಿರುಗುವ ಲೋಹವನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಶೇ 10 ಹೆಚ್ಚಾದರೆ ಬಲ ಶೇ 21, ವೇಗ ಶೇ 20 ಹೆಚ್ಚಾದರೆ ಬಲ ಶೇ 44. ಕೊನೆಯ ಸಾಲಿನ ಉದ್ದನೆಯ ಬ್ಲೇಡುಗಳ ತುದಿ ಮಾಮೂಲಿ ದಿನದಲ್ಲೇ ಗಾಳಿಯಲ್ಲಿ ಶಬ್ದ ಚಲಿಸುವುದಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಅಂಥದ್ದೊಂದು ಬ್ಲೇಡು ಕಿತ್ತುಬಂದರೆ ಅದನ್ನು ಯಂತ್ರದ ಭಾಗ ಎನ್ನುವುದಕ್ಕಿಂತ ತೋಪಿನ ಗುಂಡು ಎನ್ನುವುದೇ ಸರಿ.

ಹಾಗಾಗಿ ಹಳಬರು ಒಂದು ಸರಳ ಸಾಧನ ಮಾಡಿದರು. ಶಾಫ್ಟಿನೊಳಗೆ ತುಸು ಒಂದು ಬದಿಗೆ ಭಾರವಾಗಿರುವ ಬೋಲ್ಟ್, ಅದನ್ನು ಒಳಗೆ ಹಿಡಿದಿಡುವ ಸ್ಪ್ರಿಂಗ್. ವೇಗ ಸುಮಾರು ಶೇ 110 ದಾಟಿದರೆ ಬೋಲ್ಟ್ ಸ್ಪ್ರಿಂಗನ್ನು ಸೋಲಿಸಿ ಹೊರಗೆ ಚಾಚಿ ಒಂದು ಲಿವರ್‌ಗೆ ಬಡಿಯುತ್ತದೆ. ಲಿವರ್ ಎಣ್ಣೆಯ ಒತ್ತಡ ಇಳಿಸುತ್ತದೆ. ಹಬೆಯ ವಾಲ್ವನ್ನು ತೆರೆದಿಟ್ಟಿದ್ದೇ ಆ ಎಣ್ಣೆ. ಒತ್ತಡ ಹೋದ ಕ್ಷಣ ವಾಲ್ವಿನ ಬಲವಾದ ಸ್ಪ್ರಿಂಗ್ ಅದನ್ನು ಧಡ್ಡನೆ ಮುಚ್ಚುತ್ತದೆ. ಕರೆಂಟ್ ಬೇಡ, ಕಂಪ್ಯೂಟರ್ ಬೇಡ, ಮನುಷ್ಯನೂ ಬೇಡ. ಏನಾದರೂ ಕೆಟ್ಟರೆ ಮುಚ್ಚುವ ಕಡೆಗೇ ವಾಲುವ ಇಂಥ ವಿನ್ಯಾಸವನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಸಾಫ್ಟ್‌ವೇರಿನಲ್ಲಿ ಇಷ್ಟು ಅಚ್ಚುಕಟ್ಟು ಅಪರೂಪ.

ನೀರಿನ ಟರ್ಬೈನಿಗೆ ಬೇರೆಯೇ ಕಷ್ಟ. ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಪೆಲ್ಟನ್ ಯಂತ್ರಗಳಿವೆ, ಒಟ್ಟು 1,035 ಮೆಗಾವಾಟ್. ಅಲ್ಲಿ ಲೋಡ್ ಕಳಚಿತೆಂದು ನೀರನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ; ಬೆಟ್ಟದ ಮೇಲಿಂದ ಇಳಿದುಬರುವ ನೀರಿನ ಹೊಡೆತಕ್ಕೆ ಪೈಪೇ ಸಿಡಿದೀತು. ಅದಕ್ಕೇ ಪೆಲ್ಟನ್ ಯಂತ್ರಗಳಲ್ಲಿ ಮೊದಲು ಒಂದು ತಡೆ ಅಡ್ಡಬಂದು ನೀರಿನ ಧಾರೆಯನ್ನು ಚಕ್ರದಿಂದ ಆಚೆ ತಿರುಗಿಸುತ್ತದೆ, ಆಮೇಲೆ ನಿಧಾನವಾಗಿ ನಳಿಕೆ ಮುಚ್ಚುತ್ತದೆ. ಇಂಥ ಏರ್ಪಾಡು ಕೈಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ರಷ್ಯಾದ ಸಯಾನೊ-ಶುಶೆನ್‌ಸ್ಕಯಾ ಉದಾಹರಣೆ. 2009ರ ಆಗಸ್ಟ್ 17ರಂದು ಅಲ್ಲಿ ಒಂದು ಯಂತ್ರದ ಮೇಲ್ಮುಚ್ಚಳ ಕಿತ್ತುಹೋಗಿ ನೀರು ನುಗ್ಗಿತು. ಆ ಮೊದಲ ಅವಘಡಕ್ಕೆ ಕಾರಣ ಅತಿವೇಗವಲ್ಲ, ದಣಿದ ಬೋಲ್ಟುಗಳು. ಆದರೆ ಕರೆಂಟ್ ಹೋಗಿ ಉಳಿದ ಯಂತ್ರಗಳ ನೀರಿನ ಬಾಗಿಲುಗಳು ತೆರೆದೇ ಉಳಿದವು, ಕೆಲವು ಯಂತ್ರಗಳು ಹಿಡಿತ ತಪ್ಪಿ ತಿರುಗಿದವು. ಕೊನೆಗೆ ಸಿಬ್ಬಂದಿ ಅಣೆಕಟ್ಟೆಯ ನೆತ್ತಿಗೆ ಹತ್ತಿ ಗೇಟುಗಳನ್ನು ಕೈಯಿಂದ ಇಳಿಸಬೇಕಾಯಿತು. ಸತ್ತವರು 75 ಮಂದಿ.

ಹಾಗೆಂದು ಓವರ್‌ಸ್ಪೀಡ್ ಸಾಧನಗಳು ಮೇಲಿಂದ ಮೇಲೆ ಸೋಲುತ್ತವೆ ಎಂದರೆ ಸುಳ್ಳಾಗುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದದ್ದು ದೆಹಲಿಯಲ್ಲಿದ್ದ ಕನ್ನಡಿಗರಿಗೆ ಮರೆತಿರಲಾರದು, ಮೆಟ್ರೊ ಕೂಡ ನಿಂತಿತ್ತು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬೈ ನಿಂತಾಗ ನಾನು ಮೀಟಿಂಗ್ ಮಧ್ಯದಲ್ಲಿದ್ದೆ. ಆ ದಿನಗಳಲ್ಲಿ ಎಷ್ಟೋ ಟರ್ಬೈನುಗಳು ದಿಢೀರನೆ ನೊಗ ಕಳಚಿಕೊಂಡವು. ವಾಲ್ವುಗಳು ಮುಚ್ಚಿದವು, ಯಂತ್ರಗಳು ತಣ್ಣಗೆ ನಿಂತವು. ನಾವು ಕತ್ತಲೆಗೆ ಬೈದು ಸುಮ್ಮನಾದೆವು.

ಸೋತ ಕೆಲವೇ ಪ್ರಸಂಗಗಳು ಮಾತ್ರ ತುಂಬ ಹೇಳುತ್ತವೆ. 1991ರ ನವೆಂಬರ್ 9, ಅಮೆರಿಕದ ನ್ಯೂಜೆರ್ಸಿಯ ಸೇಲಂ ಅಣುಸ್ಥಾವರದ ಎರಡನೇ ಘಟಕ (ತಮಿಳುನಾಡಿನ ಸೇಲಂ ಅಲ್ಲ). ಟರ್ಬೈನ್ ಓಡುತ್ತಿರುವಾಗಲೇ ಸಿಬ್ಬಂದಿ ಟ್ರಿಪ್ ಸಾಧನಗಳ ಮಾಮೂಲಿ ಪರೀಕ್ಷೆ ನಡೆಸುತ್ತಿದ್ದರು. ಪರೀಕ್ಷೆಗಾಗಿ ಯಾಂತ್ರಿಕ ಟ್ರಿಪ್ ಕೆಲಸ ಮಾಡದಂತೆ ಒಂದು ಲಿವರ್ ಹಿಡಿದಿಟ್ಟಿದ್ದರು. ಅಷ್ಟರಲ್ಲಿ ಎಣ್ಣೆಯ ಒತ್ತಡ ಒಂದು ಗಳಿಗೆ ಕುಸಿಯಿತು. ಹಬೆಯ ವಾಲ್ವುಗಳು ಮುಚ್ಚಿದವು, ರಿಯಾಕ್ಟರ್ ನಿಂತಿತು. ಆದರೆ ಒತ್ತಡ ಮರಳಿ ಬಂದಾಗ ವಾಲ್ವುಗಳು ಮತ್ತೆ ತೆರೆದುಕೊಂಡವು. ವಿನ್ಯಾಸದಲ್ಲಿದ್ದಂತೆ 30 ಸೆಕೆಂಡಿನ ನಂತರ ಜನರೇಟರ್ ಬ್ರೇಕರ್ ಬಿಚ್ಚಿಕೊಂಡಿತು. ನೊಗವಿಲ್ಲ, ಹಬೆ ಇದೆ. ಇಂಥ ಹೊತ್ತಿಗೆಂದೇ ಇಟ್ಟಿದ್ದ ಮೂರು ಸೊಲೆನಾಯ್ಡ್ ವಾಲ್ವುಗಳು ಎಣ್ಣೆ ಇಳಿಸಬೇಕಿತ್ತು. ಮೂರೂ ಅಂಟಿಕೊಂಡಿದ್ದವು. 1,800 ಸುತ್ತಿನ ಟರ್ಬೈನು ಸುಮಾರು 2,900 ಮುಟ್ಟಿತು. ಬ್ಲೇಡುಗಳು ಕವಚ ತೂರಿ ಹೊರಬಂದವು, ಜನರೇಟರ್ ತಂಪಾಗಿಡುವ ಹೈಡ್ರೋಜನ್‌ಗೆ ಬೆಂಕಿ ಹತ್ತಿತು. ಯಾರೂ ಸಾಯಲಿಲ್ಲ ಎನ್ನುವುದೊಂದೇ ಸಮಾಧಾನ.

ತನಿಖೆಯಲ್ಲಿ ಹೊರಬಿದ್ದದ್ದು ಇನ್ನೂ ಕಹಿ. ಪಕ್ಕದ ಮೊದಲ ಘಟಕದಲ್ಲಿ ಅದೇ ಜಾತಿಯ ವಾಲ್ವುಗಳು ಹಿಂದಿನ ವರ್ಷವೇ ಅಂಟಿಕೊಂಡಿದ್ದವು, ಅಲ್ಲಿ ಬದಲಾಯಿಸಿದ್ದರು. ಎರಡನೇ ಘಟಕದ್ದು ಬಾಕಿ ಉಳಿದಿತ್ತು. ಮೂರು ವಾಲ್ವುಗಳನ್ನು ಒಂದೊಂದಾಗಿ ಪರೀಕ್ಷಿಸುವ ಪದ್ಧತಿಯೂ ಇರಲಿಲ್ಲ. ಒಂದು ಕೆಟ್ಟರೆ ಇನ್ನೊಂದು ಅದನ್ನು ಮುಚ್ಚಿಡುತ್ತಿತ್ತು. ಮೂರು ಇವೆ ಎಂಬ ಧೈರ್ಯದಲ್ಲಿ, ಮೂರಕ್ಕೂ ಹರಿಯುವುದು ಅದೇ ಕೊಳೆ ಎಣ್ಣೆ ಎಂಬುದು ಮರೆತುಹೋಗಿತ್ತು.

2011ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದ ಡುವಾ ಸ್ಥಾವರದ 600 ಮೆಗಾವಾಟ್‌ನ ನಾಲ್ಕನೇ ಘಟಕ ನುಚ್ಚುನೂರಾದದ್ದೂ ಓವರ್‌ಸ್ಪೀಡ್ ಪರೀಕ್ಷೆ ನಡೆಯುತ್ತಿದ್ದಾಗಲೇ. 3,000ದಲ್ಲಿ ತಿರುಗಬೇಕಾದ ಯಂತ್ರ 4,000 ದಾಟಿತ್ತು. ಆ ದೇಶದ ಲೋಡ್ ಶೆಡ್ಡಿಂಗ್ ಕಷ್ಟಗಳ ನಡುವೆ ಒಂದು ಇಡೀ ಘಟಕ ಬಹುಕಾಲ ಇಲ್ಲವಾಯಿತು.

ಹಾಗಾದರೆ ಪರೀಕ್ಷೆಯೇ ಅಪಾಯ, ಮಾಡದಿರುವುದೇ ಲೇಸು ಎಂಬ ವಾದ ಹುಟ್ಟಬಹುದು. ಸ್ಥಾವರಗಳಲ್ಲಿ ಇದಕ್ಕೊಂದು ಸಭ್ಯ ರೂಪವಿದೆ: ‘ಈ ಸಲ ಬೇಡ, ಮುಂದಿನ ಓವರ್‌ಹಾಲ್‌ನಲ್ಲಿ ನೋಡೋಣ.’ ಪರೀಕ್ಷೆಗೆ ಲೋಡ್ ಇಳಿಸಬೇಕು, ಲೋಡ್ ಇಳಿದರೆ ಆದಾಯ ಇಳಿಯುತ್ತದೆ, ಬೇಡಿಕೆ ಏರಿದ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ನನ್ನ ದೃಷ್ಟಿಯಲ್ಲಿ ಈ ಎರಡೂ ಪ್ರಸಂಗಗಳ ಪಾಠ ತದ್ವಿರುದ್ಧ. ಪರೀಕ್ಷೆಯ ದಿನ ಸೋತ ಸಾಧನ ನಿಜವಾದ ದಿನ ಗೆಲ್ಲುತ್ತಿತ್ತೆಂದು ನಂಬಲು ಏನು ಆಧಾರ?

ಇಲ್ಲಿ ಕಾಕಾನ ಮಾತು ನೆನಪಾಗುತ್ತದೆ. ಎಂ.ಟೆಕ್ ಮುಗಿಸಿದ ಹುಮ್ಮಸ್ಸಿನಲ್ಲಿ ನಾನು ಎಲೆಕ್ಟ್ರಾನಿಕ್ ಟ್ರಿಪ್ ಬಗ್ಗೆ, ಮೂರು ಸೆನ್ಸರುಗಳು ವೋಟು ಹಾಕಿ ಮೂರರಲ್ಲಿ ಎರಡು ಒಪ್ಪಿದರೆ ಯಂತ್ರ ನಿಲ್ಲಿಸುವ ಚೆಂದದ ತರ್ಕದ ಬಗ್ಗೆ ವಿವರಿಸಿದ್ದೆ. ಅವರು ಎಲ್ಲ ಕೇಳಿ ಅಂದರು: ‘ಛಲೋ ಐತಿ ತಮ್ಮಾ. ಆದ್ರ ಮಷಿನ್ ಬಂದ್ ಮಾಡೂದು ದೊಡ್ಡ ಮಾತಲ್ಲ, ಬಂದ್ ಆಗೇತೇನು ಅಂತ ನೋಡೂದು ದೊಡ್ಡ ಮಾತು.’

ಅದು ಕೇವಲ ಗಾದೆ ಥರದ ಮಾತಲ್ಲ, ನಿಖರವಾದ ಎಂಜಿನಿಯರಿಂಗ್. ಒಳ್ಳೆಯ ಸ್ಥಾವರದಲ್ಲಿ ಟರ್ಬೈನು ನಿಲ್ಲಿಸುವಾಗ ಮೊದಲು ಹಬೆ ಮುಚ್ಚುತ್ತಾರೆ, ಬ್ರೇಕರನ್ನು ಆಗಲೇ ಬಿಚ್ಚುವುದಿಲ್ಲ. ಜನರೇಟರ್ ವಿದ್ಯುತ್ ಕೊಡುವುದು ನಿಂತು, ಉಲ್ಟಾ ಗ್ರಿಡ್‌ನಿಂದಲೇ ತುಸು ವಿದ್ಯುತ್ ಎಳೆದುಕೊಳ್ಳತೊಡಗುವವರೆಗೆ ಕಾಯುತ್ತಾರೆ. ಹಾಗೆ ಎಳೆದುಕೊಂಡಿತು ಎಂದರೆ ಟರ್ಬೈನನ್ನು ತಿರುಗಿಸುವಷ್ಟು ಹಬೆ ಒಳಗಿಲ್ಲ ಎಂದೇ ಅರ್ಥ. ಆಮೇಲಷ್ಟೇ ನೊಗ ಬಿಚ್ಚುವುದು. ಸೇಲಂನಲ್ಲಿ ಬ್ರೇಕರ್ ನಂಬಿದ್ದು 30 ಸೆಕೆಂಡಿನ ಗಡಿಯಾರವನ್ನು. ನನ್ನ ಕಸುಬಿನಲ್ಲೂ ಇದೇ ವ್ಯತ್ಯಾಸ: ನಿಮ್ಮ ಖಾತೆಯಿಂದ ಹಣ ಕಡಿತವಾಗಿದೆ ಎನ್ನುವುದು ಬೇರೆ, ಅಂಗಡಿಯವನಿಗೆ ತಲುಪಿದೆ ಎನ್ನುವುದು ಬೇರೆ. ‘ಪೆಂಡಿಂಗ್’ ಎಂದು ತೋರಿಸುತ್ತ ನಿಂತಾಗ ಕಿರಿಕಿರಿಯಾಗುತ್ತದೆ ನಿಜ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಸಾಫ್ಟ್‌ವೇರ್ ಅದು.

ಎಲೆಕ್ಟ್ರಾನಿಕ್ ಟ್ರಿಪ್ ಈಗ ಎಲ್ಲೆಡೆ ಬರುತ್ತಿದೆ, ಬರಲಿ. ಟರ್ಬೈನನ್ನು ಅತಿವೇಗಕ್ಕೆ ಒಯ್ಯದೆ, ಕೃತಕ ಸಿಗ್ನಲ್ ಕೊಟ್ಟು ಮೂರು ಚಾನೆಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. ಬೋಲ್ಟ್‌ಗೆ ಹೋಲಿಸಿದರೆ ಇದು ದೊಡ್ಡ ಲಾಭ. ಆದರೆ ವೋಟಿಂಗ್ ಗೆದ್ದರೂ ಮುಚ್ಚಬೇಕಾದ್ದು ಅದೇ ವಾಲ್ವು. ಅದರ ಕಾಂಡಕ್ಕೆ ಉಪ್ಪು, ಆಕ್ಸೈಡ್ ಹತ್ತಿ ಬಿಗಿದಿದ್ದರೆ ಸೆನ್ಸರ್ ಮೂರಿದ್ದರೇನು, ಮೂವತ್ತಿದ್ದರೇನು?

ಇನ್ನೊಂದು ಹೊಸ ಬಾಗಿಲೂ ತೆರೆದಿದೆ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರಲ್ಲಿ ‘ಟ್ರೈಟನ್’ ಎಂಬ ಮಾಲ್‌ವೇರ್ ಪತ್ತೆಯಾಯಿತು. ಅದು ನುಗ್ಗಿದ್ದು ಅಪಾಯದ ಹೊತ್ತಿನಲ್ಲಿ ಸ್ಥಾವರ ನಿಲ್ಲಿಸಲೆಂದೇ ಇಟ್ಟ ಸುರಕ್ಷತಾ ಕಂಟ್ರೋಲರ್ ಒಳಗೆ. ಆ ಕಂಟ್ರೋಲರಿನಲ್ಲೂ ಮೂರು ಮೆದುಳು, ವೋಟಿಂಗ್ ಎಲ್ಲ ಇದ್ದವು. ಮೂರಕ್ಕೂ ಒಂದೇ ಕೆಟ್ಟ ಕೋಡ್ ಹೋದರೆ ಮೂರೂ ಒಗ್ಗಟ್ಟಾಗಿ ತಪ್ಪು ವೋಟು ಹಾಕುತ್ತವೆ. ದಾಳಿಕೋರರ ಕೋಡಿನಲ್ಲೇ ದೋಷವಿದ್ದು ಸ್ಥಾವರ ತಾನಾಗಿ ನಿಂತಿದ್ದರಿಂದ ಗುಟ್ಟು ರಟ್ಟಾಯಿತು. ಕಂಟ್ರೋಲರ್ ಮೇಲಿನ ಕೀಲಿಯನ್ನು ‘ಪ್ರೋಗ್ರಾಂ’ ಸ್ಥಾನದಲ್ಲೇ ಬಿಟ್ಟಿದ್ದರಂತೆ. ಮುಂಬೈ ಕತ್ತಲಾದ ಪ್ರಕರಣದಲ್ಲೂ ರಾಜ್ಯದ ಸಚಿವರು ಸೈಬರ್ ದಾಳಿ ಎಂದರು, ಕೇಂದ್ರದ ಸಚಿವರು ಮಾನವ ದೋಷ ಎಂದರು. ಯಾವುದೇ ಇರಲಿ, ಎಲ್ಲ ಸೋತಾಗ ಉಳಿಯುವ ಕಟ್ಟಕಡೆಯ ಟ್ರಿಪ್ ನೆಟ್‌ವರ್ಕ್‌ಗೆ ಜೋಡಣೆಯಾಗದೆ ಪ್ರತ್ಯೇಕವಾಗಿರಬೇಕು ಎನ್ನುವುದು ನನ್ನ ಹಟ. ಸಾಫ್ಟ್‌ವೇರ್ ಬರೆಯುವವನೇ ಹೀಗೆನ್ನುವುದು ವಿಚಿತ್ರ ಅನ್ನಿಸಿದರೆ ಅನ್ನಿಸಲಿ.

ನಮ್ಮಲ್ಲಿ ಬಾಯ್ಲರಿಗೆ 1923ರಿಂದ ಕಾನೂನಿದೆ, 2025ರಲ್ಲಿ ಹೊಸ ಕಾಯ್ದೆಯೂ ಬಂತು. ಹೊರಗಿನ ತಪಾಸಕರು ಬಂದು ನೋಡಿ ಪ್ರಮಾಣಪತ್ರ ಕೊಡದೆ ಬಾಯ್ಲರ್ ಓಡಿಸುವಂತಿಲ್ಲ. ಅದೇ ಬಾಯ್ಲರಿನ ಹಬೆ ಪೈಪು ದಾಟಿ ಟರ್ಬೈನ್ ಹೊಕ್ಕ ಮೇಲೆ ಆ ಕಾನೂನಿನ ಕಣ್ಣು ಮುಚ್ಚುತ್ತದೆ. ಸ್ಥಾವರ ಕಟ್ಟುವಾಗ ಓವರ್‌ಸ್ಪೀಡ್ ರಕ್ಷಣೆ ಇರಲೇಬೇಕೆಂಬ ತಾಂತ್ರಿಕ ಮಾನದಂಡಗಳಿವೆ. ಅದು ಈ ವರ್ಷವೂ ಕೆಲಸ ಮಾಡುತ್ತದೆಯೇ ಎಂದು ಬಾಯ್ಲರಿನ ಹಾಗೆ ಹೊರಗಿನವರ ಎದುರು ತೋರಿಸುವ ಕಟ್ಟುಪಾಡಿಲ್ಲ. ವಿದ್ಯುತ್ ಪ್ರಾಧಿಕಾರ ಯಾವ ಘಟಕ ಯಾಕೆ ನಿಂತಿದೆ ಎಂಬ ಪಟ್ಟಿಯನ್ನು ದಿನವೂ ಪ್ರಕಟಿಸುತ್ತದೆ. ಆ ಪಟ್ಟಿಗೆ ಇನ್ನೊಂದು ಅಂಕಣ ಸೇರಿಸುವುದು ಕಷ್ಟವೇ? ಹಬೆಯ ವಾಲ್ವು ಕೊನೆಯ ಬಾರಿ ಪೂರ್ತಿ ಮುಚ್ಚಿದ್ದನ್ನು ಕಣ್ಣಾರೆ ನೋಡಿದ ತಾರೀಕು, ಅಷ್ಟೇ.

ರಾಯಚೂರಿನಂಥ ದೊಡ್ಡ ಸ್ಥಾವರಗಳಲ್ಲಿ ಈ ದಾಖಲೆಗಳಾದರೂ ಕಡತದೊಳಗೆ ಇರುತ್ತವೆ. ನನಗೆ ಹೆಚ್ಚು ಚಿಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ, ಇತ್ತ ಕೊಲ್ಹಾಪುರ, ಸಾಂಗ್ಲಿಯ ಸಕ್ಕರೆ ಕಾರ್ಖಾನೆಗಳದು. ಹಂಗಾಮು ಮುಗಿದ ಮೇಲೆ ಅಲ್ಲಿನ ಟರ್ಬೈನುಗಳು ತಿಂಗಳುಗಟ್ಟಲೆ ತಣ್ಣಗೆ ಕೂತಿರುತ್ತವೆ. ಕಬ್ಬಿನ ಲಾರಿ, ಟ್ರ್ಯಾಕ್ಟರುಗಳು ಗೇಟಿನ ಹೊರಗೆ ಸಾಲುಗಟ್ಟಿದ ದಿನ, ಬೇಗ ಶುರು ಮಾಡಿ ಎಂಬ ಒತ್ತಡದ ನಡುವೆ ಮೊದಲ ಹಬೆ ಬಿಡುತ್ತಾರೆ. ವಾಲ್ವು ಅಂಟಿರುವ ಸಾಧ್ಯತೆ ಅತಿ ಹೆಚ್ಚು ಅದೇ ದಿನ, ಪರೀಕ್ಷೆಗೆ ಪುರುಸೊತ್ತು ಅತಿ ಕಡಿಮೆಯೂ ಅದೇ ದಿನ. ಅರ್ಧ ದಿನ ಮೊದಲೇ ಬಾಯ್ಲರ್ ಹೊತ್ತಿಸಿ, ಲೋಡ್ ಇಲ್ಲದೆ ಟರ್ಬೈನು ತಿರುಗಿಸಿ, ಟ್ರಿಪ್ ಒತ್ತಿ, ವೇಗದ ಮುಳ್ಳು ಇಳಿಯುವುದನ್ನು ನೋಡಿ ಸಹಿ ಹಾಕಿದರೆ ಸಾಕು. ಆ ಅರ್ಧ ದಿನದ ಬಗಾಸ್ ಖರ್ಚು ಯಾವ ಕಾರ್ಖಾನೆಗೂ ಭಾರವಲ್ಲ.